ಪರದೆಯಿಲ್ಲದ ಕ್ಯಾಮರಾ ಯಾರಿಗೆ ಬೇಕು?

2014ರಲ್ಲಿ ಜರ್ಮನಿಯ ಕಲೋನ್ ನಗರದ ಫೋಟೋಕಿನಾ ಮೇಳದಲ್ಲಿ ಲೈಕಾ ಕಂಪೆನಿ ಒಂದು ವಿಚಿತ್ರ ಡಿಜಿಟಲ್ ಕ್ಯಾಮರಾವನ್ನು ಜನರ ಮುಂದಿಟ್ಟಿತು. ಅದರ ಬೆನ್ನಿಗೆ ಪರದೆಯೇ ಇರಲಿಲ್ಲ. ತೆಗೆದ ಚಿತ್ರ ಹೇಗೆ ಬಂದಿದೆಯೆಂದು ನೋಡುವಂತಿಲ್ಲ, ಚೆನ್ನಾಗಿಲ್ಲವೆಂದು ಅಳಿಸುವಂತಿಲ್ಲ, ಮೆನು ಎಂಬುದೇ ಇಲ್ಲ. ಪರದೆ ಇರಬೇಕಾದ ಜಾಗದಲ್ಲಿ ಗುಂಡನೆಯ ಒಂದು ತಿರುಗಣೆ ಇತ್ತು; ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕೆಂದು ಅದರಲ್ಲಿ ಹೇಳಬೇಕು. ಫೋಕಸ್ ಕೈಯಿಂದ, ಅಪರ್ಚರ್ ಕೈಯಿಂದ. ಷಟರ್ ವೇಗವೊಂದನ್ನು ಬೇಕಿದ್ದರೆ ಯಂತ್ರಕ್ಕೆ ಬಿಡಬಹುದಿತ್ತು. 1954ರ ಲೈಕಾ ಎಂ3 ಕ್ಯಾಮರಾಕ್ಕೆ ಅರವತ್ತು ತುಂಬಿದ ನೆನಪಿಗೆ 600 ಸೆಟ್ಟುಗಳನ್ನಷ್ಟೇ ಮಾಡಲಾಯಿತು. ಲೆನ್ಸ್ ಸಮೇತ ಬೆಲೆ ಹತ್ತು ಸಾವಿರ ಡಾಲರಿಗೂ ಮಿಗಿಲು.

ಇಷ್ಟು ಹಣ ಕೊಟ್ಟು ಇಷ್ಟು ಕಡಿಮೆ ಪಡೆಯುವುದೆಂದರೆ ನಗು ಬರುವ ಸಂಗತಿಯೇ. ಆದರೆ ಇದು ಶ್ರೀಮಂತರ ಷೋಕಿ ಎಂದು ತಳ್ಳಿಹಾಕುವ ಮುನ್ನ ಒಂದು ಮಾತು ನೆನಪಿಡಬೇಕು. ಡಿಜಿಟಲ್ ಯುಗ ಶುರುವಾದಾಗಿನಿಂದಲೂ ಛಾಯಾಗ್ರಾಹಕರು ಒಂದು ಬೇಡಿಕೆಯನ್ನು ಮತ್ತೆ ಮತ್ತೆ ಮುಂದಿಡುತ್ತ ಬಂದಿದ್ದಾರೆ: ನಮಗೆ ಬುದ್ಧಿವಂತ ಕ್ಯಾಮರಾ ಬೇಡ, ಹೇಳಿದ್ದನ್ನು ಕೇಳುವ ಕ್ಯಾಮರಾ ಕೊಡಿ. ಈ ಬೇಡಿಕೆ ನಿಜವಾದದ್ದೇ? ನಿಜವಾದರೆ ಅದನ್ನು ಈಡೇರಿಸಿದ ಕ್ಯಾಮರಾಗಳೇಕೆ ಇಷ್ಟು ವಿರಳ, ಇಷ್ಟು ದುಬಾರಿ? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಕ್ಯಾಮರಾ ಎಂಬ ಲ್ಯಾಟಿನ್ ಪದಕ್ಕೆ ಕೋಣೆ ಎಂದರ್ಥ. ಆ ಕತ್ತಲೆ ಕೋಣೆಯನ್ನು ವಿಜ್ಞಾನದ ಸಲಕರಣೆಯಾಗಿ ಪಳಗಿಸಿದವರಲ್ಲಿ ಮೊದಲ ಸಾಲಿನವರು ಇಬ್ನುಲ್ ಹೈಸಮ್. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಸುಮಾರು 1040ರಲ್ಲಿ ಕೈರೋದಲ್ಲಿ ತೀರಿಕೊಂಡ ಈ ವಿದ್ವಾಂಸರ 'ಕಿತಾಬುಲ್ ಮನಾಝಿರ್' ಯುರೋಪಿಗೆ ದೃಷ್ಟಿಶಾಸ್ತ್ರದ ಪಾಠ ಹೇಳಿದ ಕೃತಿಯೆಂದು ನಮ್ಮ ಓದುಗರಿಗೆ ಗೊತ್ತಿರುತ್ತದೆ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಗ್ರಹಣದ ಆಕಾರವನ್ನು ಕುರಿತು ಅವರು ಬರೆದ ಕಿರುಹೊತ್ತಿಗೆ. ಗ್ರಹಣ ಹಿಡಿದ ಸೂರ್ಯನ ಬೆಳಕು ಸಣ್ಣ ರಂಧ್ರದಿಂದ ಒಳಬಂದಾಗ ಎದುರಿನ ಗೋಡೆಯ ಮೇಲೆ ಕುಡುಗೋಲಿನಂತಹ ಬಿಂಬ ಮೂಡುತ್ತದೆ. ರಂಧ್ರ ದೊಡ್ಡದಾದರೆ ಕುಡುಗೋಲು ಮಾಯವಾಗಿ ಬರೀ ದುಂಡು ಬೆಳಕು ಉಳಿಯುತ್ತದೆ. ಏಕೆ ಹೀಗೆ ಎಂಬುದನ್ನು ಅವರು ರೇಖಾಗಣಿತದಿಂದ ಬಿಡಿಸಿ ತೋರಿಸಿದರು. ಕಿರಿದಾದ ರಂಧ್ರದಿಂದ ಸ್ಪಷ್ಟತೆ ಸಿಗುತ್ತದೆ, ಬೆಳಕು ಸಿಗುವುದಿಲ್ಲ. ಹಿರಿದಾದ ರಂಧ್ರದಿಂದ ಬೆಳಕು ಸಿಗುತ್ತದೆ, ಸ್ಪಷ್ಟತೆ ಹೋಗುತ್ತದೆ. ನಡುವೆ ಎಲ್ಲಿ ನಿಲ್ಲಬೇಕೆಂಬುದು ನೋಡುವವನ ತೀರ್ಮಾನ. ಇಂದು ಲೆನ್ಸಿನ ಉಂಗುರದ ಮೇಲೆ ಕೊರೆದಿರುವ ಅಂಕಿಗಳ ಹಿಂದೆಯೂ ಇಂಥದೇ ಕೊಡುಕೊಳ್ಳುವಿಕೆ ಇದೆ. ಗ್ರಹಣದಿಂದ ಶುರುವಾದ ವಿದ್ಯೆಗೆ ಕನ್ನಡದಲ್ಲಿ ಛಾಯಾಗ್ರಹಣ ಎಂದೇ ಹೆಸರು ಬಿದ್ದಿರುವುದು ಕಾಕತಾಳೀಯವಾದರೂ ಸೊಗಸಾಗಿದೆ.

ಬಿಂಬವನ್ನು ಹಿಡಿದಿಡುವ ರಸಾಯನ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಕಾಲದ ಕೆಲಸ ಎಷ್ಟು ಕೈಗೆಲಸವಾಗಿತ್ತು ಎಂಬುದಕ್ಕೆ ಈಜಿಪ್ಟಿನ ಸೇನಾಧಿಕಾರಿ ಮುಹಮ್ಮದ್ ಸಾದಿಕ್ ಬೇ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1861ರಲ್ಲಿ ಅವರು ಕೆಂಪು ಸಮುದ್ರದ ದಡದ ಅಲ್-ವಜ್ಹ್ ಬಂದರಿನಿಂದ ಮದೀನಾದವರೆಗಿನ ದಾರಿಯ ಸರ್ವೇಕ್ಷಣೆಗೆ ಹೊರಟಾಗ ಜೊತೆಯಲ್ಲಿ ಕ್ಯಾಮರಾ ಒಯ್ದರು. ಪ್ರವಾದಿ(ಸ)ರ ನಗರದ ಮೊತ್ತಮೊದಲ ಛಾಯಾಚಿತ್ರಗಳು ಅವರವು. ಆಗ ಚಾಲ್ತಿಯಲ್ಲಿದ್ದದ್ದು ಹಸಿ ಗಾಜಿನ ಪದ್ಧತಿ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟನ್ನು ಸುರಿದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಆರುವ ಮುನ್ನ ಕ್ಯಾಮರಾದೊಳಗಿಟ್ಟು ಬೆಳಕು ತೋರಿಸಿ, ಆರುವ ಮುನ್ನವೇ ಹೊರತೆಗೆದು ಕತ್ತಲ ಗುಡಾರದಲ್ಲಿ ತೊಳೆಯಬೇಕು. ಅರೇಬಿಯಾದ ಒಣ ಬಿಸಿಲಲ್ಲಿ ಗಾಜು ಎಷ್ಟು ಹೊತ್ತು ಹಸಿಯಾಗಿ ಉಳಿದೀತು! 1880ರಲ್ಲಿ ಈಜಿಪ್ಟಿನ ಹಜ್ಜ್ ಯಾತ್ರಾತಂಡದ ಖಜಾಂಚಿಯಾಗಿ ಹೋದಾಗ ಅವರು ಮಕ್ಕಾದ ಚಿತ್ರಗಳನ್ನೂ ತೆಗೆದರು. ಮರುವರ್ಷ ವೆನಿಸ್ಸಿನಲ್ಲಿ ಅವಕ್ಕೆ ಚಿನ್ನದ ಪದಕ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಸಿ ಗಾಜಿನವರಿಗೆ ತಮ್ಮ ಚಿತ್ರ ಹೇಗೆ ಬಂದಿದೆಯೆಂಬುದು ಹತ್ತು ಹದಿನೈದು ನಿಮಿಷದೊಳಗೆ, ಅದೇ ಸ್ಥಳದಲ್ಲಿ ತಿಳಿಯುತ್ತಿತ್ತು. ಸರಿಯಿಲ್ಲದಿದ್ದರೆ ಗಾಜು ಒರೆಸಿ ಮತ್ತೆ ತೆಗೆಯಬಹುದಿತ್ತು. ತೆಗೆದ ಚಿತ್ರಕ್ಕಾಗಿ ದಿನಗಟ್ಟಲೆ ಕಾಯುವುದು ಒಣ ಗಾಜು ಮತ್ತು ಫಿಲ್ಮಿನ ಕಾಲದ ಅಭ್ಯಾಸ. ಛಾಯಾಗ್ರಹಣದ ಇತಿಹಾಸದಲ್ಲಿ ಅದು ಸುಮಾರು ನೂರಿಪ್ಪತ್ತು ವರ್ಷಗಳ ಒಂದು ಅಧ್ಯಾಯ. ಆದ್ದರಿಂದ ಪರದೆಯಿಲ್ಲದ ಕ್ಯಾಮರಾವೇ ಮೂಲರೂಪ, ಪರದೆ ಬಂದು ಕಲೆ ಕೆಟ್ಟಿತು ಎನ್ನುವವರ ಮಾತನ್ನು ನಾವು ಪೂರ್ತಿ ಒಪ್ಪಲಾರೆವು.

ಫೋಟೋ ತೆಗೆಯುವವರನ್ನು ಎರಡು ಪಂಗಡ ಮಾಡಿದ್ದು 1888ರ ಕೊಡಾಕ್. ಜಾರ್ಜ್ ಈಸ್ಟ್‌ಮನ್ನನ ಆ ಪೆಟ್ಟಿಗೆಗೆ 25 ಡಾಲರ್. ಒಳಗೆ ನೂರು ಚಿತ್ರಗಳ ಸುರುಳಿ. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಂಪೆನಿಗೆ ಕಳಿಸಿ 10 ಡಾಲರ್ ತೆತ್ತರೆ ಚಿತ್ರಗಳೂ ಬರುತ್ತಿದ್ದವು, ಹೊಸ ಸುರುಳಿ ತುಂಬಿದ ಪೆಟ್ಟಿಗೆಯೂ ಬರುತ್ತಿತ್ತು. ಫೋಕಸ್ ಇಲ್ಲ, ವೇಗದ ಆಯ್ಕೆ ಇಲ್ಲ. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ನಮ್ಮದು ಎಂಬುದೇ ಅವರ ಜಾಹೀರಾತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ಕೋಟ್ಯಂತರ ಜನರ ಕೈಗೆ ಕ್ಯಾಮರಾ ಬಂದದ್ದು ಹೀಗೆ, ಅದನ್ನು ಹಳಿಯುವಂತಿಲ್ಲ. ಆದರೆ ಅಲ್ಲಿಂದ ಮುಂದೆ ಒತ್ತುವವರು ಬೇರೆ, ಆರಿಸುವವರು ಬೇರೆ ಎಂದಾಯಿತು.

ಆರಿಸುವವರಿಗೆ 1925ರಲ್ಲಿ ಓಸ್ಕರ್ ಬರ್ನಾಕ್ ರೂಪಿಸಿದ ಲೈಕಾ ಸಿಕ್ಕಿತು, ಜೇಬಿಗೆ ಇಳಿಯುವಂಥದ್ದು. ಇನ್ನೊಂದು ಕಡೆ ಯಂತ್ರ ತೀರ್ಮಾನಗಳನ್ನು ಒಂದೊಂದಾಗಿ ತನ್ನದಾಗಿಸಿಕೊಳ್ಳುತ್ತ ಬಂತು. 1938ರಲ್ಲಿ ಕೊಡಾಕಿನ ಒಂದು ಮಾದರಿ ಬೆಳಕನ್ನು ತಾನೇ ಅಳೆದು ಹೊಂದಿಸಿತು. 1976ರಲ್ಲಿ ಕ್ಯಾನನ್ ಎಇ-1ರೊಳಗೆ ಮೈಕ್ರೋಪ್ರೊಸೆಸರ್ ಕೂತಿತು. 1977ರಲ್ಲಿ ಕೊನಿಕಾ ಸಾಮಾನ್ಯರಿಗೆ ಆಟೋಫೋಕಸ್ ಕೊಟ್ಟಿತು. 1985ರಲ್ಲಿ ಮಿನೋಲ್ಟಾ ಅದನ್ನು ಎಸ್‌ಎಲ್‌ಆರ್ ಕ್ಯಾಮರಾದ ಒಳಗೇ ಅಳವಡಿಸಿತು.

ಕುತೂಹಲದ ಸಂಗತಿಯೆಂದರೆ ಕ್ಯಾನನ್ನಿನ ಆ ಬುದ್ಧಿವಂತ ಕ್ಯಾಮರಾ ಬಂದ 1976ರಲ್ಲೇ ಪೆಂಟಾಕ್ಸ್ ಕಂಪೆನಿ ಕೆ1000 ಎಂಬ ಮೊದ್ದು ಕ್ಯಾಮರಾವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರಲ್ಲಿದ್ದದ್ದು ನಾಲ್ಕೇ: ವೇಗದ ತಿರುಗಣೆ, ಅಪರ್ಚರಿನ ಉಂಗುರ, ಫೋಕಸಿನ ಉಂಗುರ, ಬೆಳಕು ತೋರಿಸುವ ಒಂದು ಮುಳ್ಳು. ಬ್ಯಾಟರಿ ಸತ್ತರೆ ಮುಳ್ಳು ಮಾತ್ರ ಸಾಯುತ್ತಿತ್ತು, ಕ್ಯಾಮರಾ ನಡೆಯುತ್ತಿತ್ತು. ಸೆಲ್ಫ್ ಟೈಮರ್ ಕೂಡ ಇರಲಿಲ್ಲ. ಈ ಬಡಪಾಯಿ 1997ರವರೆಗೆ, ಇಪ್ಪತ್ತೊಂದು ವರ್ಷ ತಯಾರಾಯಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದನ್ನು ಕೊಂಡವರು ಬಹುತೇಕ ವಿದ್ಯಾರ್ಥಿಗಳು, ಕಲಿಯುವವರು. ಕಾರಣ ಸರಳ. ಅಗ್ಗದ ಎಸ್‌ಎಲ್‌ಆರ್‌ಗಳಲ್ಲಿ ಅದೂ ಒಂದಾಗಿತ್ತು, ಮತ್ತು ಅದು ಏನನ್ನೂ ಮುಚ್ಚಿಡುತ್ತಿರಲಿಲ್ಲ. ತಪ್ಪಾದರೆ ಯಾವ ಉಂಗುರದಲ್ಲಿ ತಪ್ಪಾಯಿತೆಂದು ಬೆರಳಿಟ್ಟು ತೋರಿಸಬಹುದಿತ್ತು.

ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ಇದೇ ಜಾತಿಯ ಯಂತ್ರಗಳಿದ್ದವು: ಯಾಶಿಕಾ, ರಷ್ಯಾದ ಜೆನಿಟ್, ಆಮೇಲೆ ನಿಕಾನ್ ಎಫ್‌ಎಂ10. ರೋಲಿಗೆ ಮೂವತ್ತಾರು ಚಿತ್ರ. ಮದುವೆ ಮನೆಯಲ್ಲಿ ಒಂದು ರೋಲು ಮುಗಿದರೆ ಫೋಟೋಗ್ರಾಫರನ ಮುಖ ಗಂಭೀರವಾಗುತ್ತಿತ್ತು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ನಮ್ಮ ಜನಜೀವನವನ್ನು ದಶಕಗಟ್ಟಲೆ ದಾಖಲಿಸಿದ್ದು ಫಿಲ್ಮಿನಲ್ಲಿ, ಕೈಯಳತೆ ಕಣ್ಣಳತೆಯ ಕ್ಯಾಮರಾಗಳಲ್ಲಿ. ಹಾಗೆಂದು ಫಿಲ್ಮು ತಾನಾಗಿಯೇ ಸಂಯಮ ಕಲಿಸುತ್ತದೆ ಎಂದೇನೂ ಇಲ್ಲ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ತೊಳೆಯದೆಯೇ ಉಳಿದಿದ್ದ ರೋಲುಗಳು ಸುಮಾರು 2,500!

ಇನ್ನು ಡಿಜಿಟಲ್. 1975ರಲ್ಲಿ ಕೊಡಾಕಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಯಂತ್ರ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1999ರ ನಿಕಾನ್ ಡಿ1ರ ಹೊತ್ತಿಗೆ ಪತ್ರಿಕಾ ಛಾಯಾಗ್ರಾಹಕರು ಫಿಲ್ಮನ್ನು ಕೈಬಿಡತೊಡಗಿದ್ದರು. ಆದರೆ ಡಿಜಿಟಲ್ ಸೆನ್ಸರ್ ಒಂಟಿಯಾಗಿ ಬರಲಿಲ್ಲ. ಗುಂಡಿಗಳು, ಮೆನುವಿನೊಳಗೆ ಮೆನುಗಳು, ನೂರಾರು ಪುಟಗಳ ಕೈಪಿಡಿ ಎಲ್ಲವನ್ನೂ ಸಂಸಾರ ಸಮೇತ ಕರೆತಂದಿತು. 1982ರ ನಿಕಾನ್ ಎಫ್‌ಎಂ2 ಇದೆಯಲ್ಲ, ಅದರ ಫಿಲ್ಮಿನ ಜಾಗಕ್ಕೆ ಸೆನ್ಸರ್ ಹಾಕಿಕೊಡಿ, ಬೇರೇನೂ ಬೇಡ ಎಂಬ ಕೋರಿಕೆ ಆಗಲೇ ಹುಟ್ಟಿದ್ದು.

ಮೊದಲು ಕಿವಿಗೊಟ್ಟದ್ದು ಕ್ಯಾಮರಾಕ್ಕೆ ಹೆಸರಾಗಿರದ ಕಂಪೆನಿ, ಪ್ರಿಂಟರಿನ ಎಪ್ಸನ್. 2004ರಲ್ಲಿ ಬಂದ ಅದರ ಆರ್-ಡಿ1 ಜಗತ್ತಿನ ಮೊದಲ ಡಿಜಿಟಲ್ ರೇಂಜ್‌ಫೈಂಡರ್. ಅರವತ್ತೊಂದು ಲಕ್ಷ ಪಿಕ್ಸೆಲ್. ಅದರಲ್ಲಿ ಫಿಲ್ಮಿಲ್ಲದಿದ್ದರೂ ಪ್ರತಿ ಚಿತ್ರಕ್ಕೆ ಮುನ್ನ ಹೆಬ್ಬೆರಳಿನಿಂದ ಸನ್ನೆ ಎಳೆದು ಷಟರನ್ನು ಬಿಗಿಮಾಡಬೇಕಿತ್ತು. ಮೇಲ್ಗಡೆ ಗಡಿಯಾರದಂತಹ ಮುಳ್ಳುಗಳು ಉಳಿದ ಚಿತ್ರಗಳ ಲೆಕ್ಕವನ್ನೂ ಬ್ಯಾಟರಿಯ ಸ್ಥಿತಿಯನ್ನೂ ಹೇಳುತ್ತಿದ್ದವು. ಬೇಡವೆನಿಸಿದರೆ ಹಿಂದಿನ ಪರದೆಯನ್ನು ಮಗುಚಿ ಒಳಮುಖ ಮಾಡಿಡಬಹುದಿತ್ತು. ನಮ್ಮ ಮಟ್ಟಿಗೆ ಈ ಪ್ರಶ್ನೆಗೆ ಸಿಕ್ಕಿದ ಉತ್ತರಗಳಲ್ಲಿ ಪ್ರಾಮಾಣಿಕವಾದದ್ದು ಇದೇ: ಪರದೆಯನ್ನು ಕಿತ್ತುಕೊಳ್ಳಲಿಲ್ಲ, ಮುಚ್ಚುವ ಹಕ್ಕನ್ನು ಕೊಟ್ಟಿತು. ಬೆಲೆ ಮಾತ್ರ ಸುಮಾರು ಮೂರು ಸಾವಿರ ಡಾಲರ್. ಕೊಂಡವರು ಬೆರಳೆಣಿಕೆಯಲ್ಲದಿದ್ದರೂ ಹೆಚ್ಚೇನಲ್ಲ.

2006ರಲ್ಲಿ ಲೈಕಾ ಎಂ8 ಬಂತು. 2013ರಲ್ಲಿ ನಿಕಾನ್ ಡಿಎಫ್ ಬಂದಾಗ ಎಫ್‌ಎಂ2ರ ಅಭಿಮಾನಿಗಳು ಕಣ್ಣರಳಿಸಿದರು. ಮೈತುಂಬ ತಿರುಗಣೆಗಳಿದ್ದವು, ವಿಡಿಯೋವನ್ನು ಬೇಕೆಂದೇ ಬಿಟ್ಟಿದ್ದರು. ಆದರೆ ಒಳಗೆ ಆಟೋಫೋಕಸ್, ಮೆನು, ಎಲ್ಲವೂ ಇದ್ದಹಾಗೇ ಇದ್ದವು. ಹಳೆಯ ಮನೆಯ ಮುಂಬಾಗಿಲನ್ನು ಹೊಸ ಅಪಾರ್ಟ್‌ಮೆಂಟಿಗೆ ಕೂರಿಸಿದಂತಾಗಿತ್ತು. 2014ರ ಸ್ಮರಣೆಯ ಮಾದರಿಯ ನಂತರ ಲೈಕಾ 2016ರಲ್ಲಿ ಪರದೆಯಿಲ್ಲದ ಎಂ-ಡಿಯನ್ನು ನಿತ್ಯದ ಮಾರಾಟಕ್ಕಿಟ್ಟಿತು; 2018ರಲ್ಲಿ ಎಂ10-ಡಿ, 2024ರಲ್ಲಿ ಎಂ11-ಡಿ. ಎಂ10-ಡಿಗೆ ಫಿಲ್ಮ್ ಎಳೆಯುವ ಸನ್ನೆಯಂಥದ್ದೊಂದನ್ನು ಸಿಕ್ಕಿಸಿದ್ದರು. ಅದು ಏನನ್ನೂ ಎಳೆಯುವುದಿಲ್ಲ, ಹೆಬ್ಬೆರಳಿಗೆ ಆಸರೆ ಅಷ್ಟೇ. ಪರದೆ ತೆಗೆದವರೇ ಆ ಕ್ಯಾಮರಾದ ಚಿತ್ರಗಳನ್ನು ಫೋನಿನಲ್ಲಿ ನೋಡಲು ಆಪ್ ಕೊಟ್ಟರು. ನಮಗೆ ನಗು ಬಂದದ್ದು ಇಲ್ಲಿ.

ಈಗ ಬೆಲೆಯ ವಿಚಾರ. 2015ರ ಕೊನೆಗೆ ಬಂದ, ಪರದೆಯುಳ್ಳ ಲೈಕಾ ಎಂ 262ಕ್ಕೆ ಅಮೆರಿಕದಲ್ಲಿ ಸುಮಾರು 5,200 ಡಾಲರ್. ಅದರಿಂದ ಪರದೆ ಕಳೆದ 2016ರ ಎಂ-ಡಿಗೆ ಸುಮಾರು 6,000. ತೆಗೆದದ್ದಕ್ಕೆ ಎಂಟುನೂರು ಡಾಲರ್ ಹೆಚ್ಚು! ಕೆ1000ರ ಕಾಲದಲ್ಲಿ ಬರಿದಾದ ಕ್ಯಾಮರಾ ಅಗ್ಗದ ಕ್ಯಾಮರಾ ಆಗಿತ್ತು. ಡಿಜಿಟಲ್ ಕಾಲದಲ್ಲಿ ಅದೇ ಬರಿದುತನ ಭೋಗವಸ್ತುವಾಗಿದೆ.

ಇದಕ್ಕೆ ಕಂಪೆನಿಯ ದುರಾಸೆಯೊಂದೇ ಕಾರಣವೆಂದು ಹೇಳಿದರೆ ಅರ್ಧಸತ್ಯವಾದೀತು. ಫಿಲ್ಮ್ ಕ್ಯಾಮರಾದಲ್ಲಿ ಸ್ವಯಂಚಾಲನೆ ಎಂದರೆ ಹೆಚ್ಚುವರಿ ಮೋಟಾರು, ಗಾಲಿ, ವಿದ್ಯುತ್ ಮಂಡಲ. ಅವನ್ನು ಬಿಟ್ಟರೆ ನಿಜವಾಗಿ ಹಣ ಉಳಿಯುತ್ತಿತ್ತು. ಬಿಂಬ ಹಿಡಿಯುವ ವಸ್ತುವಿನ ಬೆಲೆಯನ್ನು ಗಿರಾಕಿ ರೋಲು ರೋಲಾಗಿ ಆಮೇಲೆ ಕೊಡುತ್ತಿದ್ದ. ಡಿಜಿಟಲ್‌ನಲ್ಲಿ ಬಿಂಬ ಹಿಡಿಯುವ ಸೆನ್ಸರ್ರಿನ ಬೆಲೆ ಮೊದಲ ದಿನವೇ ತಲೆಯ ಮೇಲೆ ಬೀಳುತ್ತದೆ. ಸ್ವಯಂಚಾಲನೆಯ ಬಹುಪಾಲು ತಂತ್ರಾಂಶ. ಒಮ್ಮೆ ಬರೆದ ಮೇಲೆ ಲಕ್ಷ ಕ್ಯಾಮರಾಗಳಿಗೆ ತುಂಬಿದರೂ ಖರ್ಚಿಲ್ಲ, ತೆಗೆದರೆ ಉಳಿತಾಯವೂ ಇಲ್ಲ. ಪರದೆಯಂತೂ ಮೊಬೈಲ್ ಫೋನುಗಳ ಕೃಪೆಯಿಂದ ಅಗ್ಗವಾಗಿದೆ. ಅದಕ್ಕೆ ಬದಲಾಗಿ ಒಳ್ಳೆಯ ತಿರುಗಣೆ, ಕೈಯಲ್ಲಿ ಹೊಂದಿಸಬೇಕಾದ ರೇಂಜ್‌ಫೈಂಡರ್ ಕೂರಿಸುವುದೇ ದುಬಾರಿ. ಜೊತೆಗೆ ಕೊಳ್ಳುವವರು ಕೆಲವೇ ಸಾವಿರ ಮಂದಿಯಾದರೆ ತಯಾರಿಕೆಯ ವೆಚ್ಚವೆಲ್ಲ ಅವರ ಮೇಲೇ.

ಬೇಡವೆನ್ನುವವರ ವಾದಕ್ಕೂ ತೂಕವಿದೆ. ಎಲ್ಲ ಒಳ್ಳೆಯ ಕ್ಯಾಮರಾಗಳಲ್ಲೂ 'ಎಂ' ಎಂಬ ಅಕ್ಷರವಿದೆ, ಅಲ್ಲಿಗೆ ತಿರುಗಿಸಿಕೊಳ್ಳಿ, ನಿಮಗೆ ಬೇಡದ್ದನ್ನು ಮುಟ್ಟಬೇಡಿ ಎಂಬುದು ಒಂದು. ನಿಕಾಹಿನ ಒಂದು ಕ್ಷಣ ತಪ್ಪಿದರೆ ಮತ್ತೆ ಸಿಗದು, ಅಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳದೆ ಹೇಗೆ ಎಂಬುದು ಇನ್ನೊಂದು. ಹೊಟ್ಟೆಪಾಡಿನ ಫೋಟೋಗ್ರಾಫರನಿಗೆ ಪರದೆ ವಿಮೆ ಇದ್ದಹಾಗೆ. ನಲವತ್ತೈದು ದಾಟಿ ಕಣ್ಣು ಮಂಜಾದವರಿಗೆ ಆಟೋಫೋಕಸ್ ಊರುಗೋಲು. ಕಲಿಯುವವರಿಗೂ ತಪ್ಪು ತಕ್ಷಣ ಕಂಡರೆ ಪಾಠ ಬೇಗ ಹತ್ತುತ್ತದೆ. ಇವೆಲ್ಲ ಸರಿ. 'ಎಂ' ಅಕ್ಷರದ ವಾದವನ್ನು ಮಾತ್ರ ನಾವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಳೆಯ ಎಸ್‌ಎಲ್‌ಆರ್‌ನೊಳಗೆ ಕಣ್ಣಿಟ್ಟರೆ ನಡುವಿನ ವೃತ್ತದಲ್ಲಿ ಮುಖ ಎರಡು ಹೋಳಾಗಿ ಕಾಣುತ್ತಿತ್ತು. ಉಂಗುರ ತಿರುಗಿಸಿದಂತೆ ಹೋಳುಗಳು ಕೂಡಿಕೊಂಡರೆ ಫೋಕಸ್ ಆಯಿತೆಂದು ಅರ್ಥ. ಆಟೋಫೋಕಸ್ ಬಂದಮೇಲೆ ಆ ಗಾಜನ್ನು ತೆಗೆದು ನುಣುಪಾದ, ಹೆಚ್ಚು ಬೆಳಕಿನ ಗಾಜನ್ನು ಹಾಕಿದರು. ಅಪರ್ಚರಿನ ಉಂಗುರ ಅನೇಕ ಲೆನ್ಸುಗಳಿಂದ ಮಾಯವಾಯಿತು. ಕೈಕೆಲಸಕ್ಕೆ ಅನುಮತಿಯಿದೆ, ಕೈಯಿಡಲು ಜಾಗವಿಲ್ಲ. ಛಾಯಾಗ್ರಾಹಕರು ಕೇಳುತ್ತಿರುವುದು ಆ ಜಾಗವನ್ನು.

ಇದರಲ್ಲಿ ಇನ್ನೂ ದೊಡ್ಡದೊಂದು ಪ್ರಶ್ನೆ ಅಡಗಿದೆ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್-ಮುತೀಈ (1854-1935) ಛಾಯಾಚಿತ್ರ ಸಮ್ಮತವೆಂದು ವಾದಿಸಿ ಒಂದು ಗ್ರಂಥ ಬರೆದರು. ಅವರ ತರ್ಕದ ತಿರುಳು ಇಷ್ಟು: ಚಿತ್ರಕಾರ ಇಲ್ಲದ್ದನ್ನು ರೂಪಿಸುತ್ತಾನೆ, ಛಾಯಾಗ್ರಾಹಕ ಇರುವ ನೆರಳನ್ನು ಬಂಧಿಸುತ್ತಾನೆ, ಅಷ್ಟೇ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಲಿಲ್ಲ. ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಆದರೆ ನೆರಳಿನ ಬಂಧನ ಎಂಬ ಮಾತನ್ನು ಕನ್ನಡಕ್ಕೆ ತಂದರೆ ಛಾಯಾಗ್ರಹಣ ಎಂದೇ ಆಗುತ್ತದಲ್ಲ! ಕ್ಯಾಮರಾ ಇದ್ದದ್ದನ್ನು ಹಿಡಿಯುತ್ತದೆ ಎಂಬ ನಂಬಿಕೆ ಆ ತರ್ಕಕ್ಕೆ ಬುನಾದಿ. ಇಂದಿನ ಫೋನುಗಳು ಆ ಬುನಾದಿಯನ್ನೇ ಅಲುಗಾಡಿಸಿವೆ. 2023ರಲ್ಲಿ ಒಬ್ಬರು ಬೇಕೆಂದೇ ಮಸುಕುಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರಿನ ಮೇಲೆ ತೋರಿಸಿ ಸ್ಯಾಮ್‌ಸಂಗ್ ಫೋನಿನಿಂದ ಫೋಟೋ ತೆಗೆದರು. ಫೋನು ಅಲ್ಲಿರದ ಕಲೆಗುಳಿಗಳನ್ನೆಲ್ಲ ಬಿಡಿಸಿಕೊಟ್ಟಿತು. ಚಂದ್ರನನ್ನು ಗುರುತಿಸಿ ವಿವರಗಳನ್ನು ಹೆಚ್ಚಿಸಲು ಕೃತಕ ಬುದ್ಧಿಮತ್ತೆ ಬಳಸುತ್ತೇವೆಂದು ಕಂಪೆನಿಯೂ ವಿವರಿಸಿತು. ಚಂದ್ರನಾದ್ದರಿಂದ ಯಾರಿಗೂ ನಷ್ಟವಿಲ್ಲ. ಗಲಭೆಯ ಬೀದಿಯಲ್ಲಿ, ಲಾಠಿ ಹಿಡಿದ ಕೈಯ ವಿಷಯದಲ್ಲಿ, ಯಂತ್ರ ಹೀಗೆ ತನ್ನ ಊಹೆಯನ್ನು ಸೇರಿಸಿದರೆ? ಒಂದು ಚಿತ್ರ ನಿಜವೋ ಸುಳ್ಳೋ ಎಂಬುದರ ಮೇಲೆ ಒಬ್ಬ ಬಡವನ ಜಾಮೀನು, ಒಂದು ಊರಿನ ಮಾನ ನಿಂತಿರುವ ದಿನಗಳಿವು.

ಹದೀಸಿನ ವಿದ್ವಾಂಸರು ಮಾತಿನಷ್ಟೇ ಮಹತ್ವವನ್ನು ಅದು ಯಾರಿಂದ ಯಾರಿಗೆ ಬಂತೆಂಬ ಸರಪಳಿಗೆ ಕೊಟ್ಟರು. ಇಸ್ನಾದ್ ಇಲ್ಲದ ವರದಿಗೆ ಅವರಲ್ಲಿ ಬೆಲೆಯಿಲ್ಲ. ಕ್ಯಾಮರಾದವರಿಗೆ ಈ ಅಗತ್ಯ ತಡವಾಗಿ ಅರಿವಾಗಿದೆ. 2023ರ ಲೈಕಾ ಎಂ11-ಪಿ, ತೆಗೆದ ಕ್ಷಣದಲ್ಲೇ ಚಿತ್ರಕ್ಕೆ ಅದರ ಮೂಲದ ಡಿಜಿಟಲ್ ಮುದ್ರೆ ಹಾಕುವ ಮೊದಲ ಕ್ಯಾಮರಾ. ಮರುವರ್ಷ ಬಂದ ಪರದೆಯಿಲ್ಲದ ಎಂ11-ಡಿಯಲ್ಲೂ ಆ ಸೌಲಭ್ಯವಿದೆ. ಮುದ್ರೆಯಿದ್ದ ಮಾತ್ರಕ್ಕೆ ಛಾಯಾಗ್ರಾಹಕ ಸತ್ಯವಂತನಾಗುವುದಿಲ್ಲ. ಎಲ್ಲಿ ನಿಂತು, ಯಾವಾಗ ಒತ್ತಿದ ಎಂಬುದರಲ್ಲೂ ಮೋಸಕ್ಕೆ ಅವಕಾಶವಿದೆ. ಆದರೆ ಫೋಕಸ್, ಬೆಳಕು, ವೇಗ ಮೂರನ್ನೂ ತಾನೇ ಆರಿಸಿದವನು ಆಮೇಲೆ ಯಂತ್ರದ ಕಡೆಗೆ ಬೆರಳು ತೋರಿಸುವಂತಿಲ್ಲ.

ಹೀಗಿರುವಾಗ ಆ ಕ್ಯಾಮರಾ ಲಕ್ಷಗಟ್ಟಲೆ ರೂಪಾಯಿ ಇದ್ದವರಿಗೆ ಮಾತ್ರ ಎಂಬುದೇ ನಮ್ಮ ತಕರಾರು. ಇನ್ನೊಂದು ತುದಿಯಲ್ಲಿ 2023ರಿಂದ ಕ್ಯಾಂಪ್ ಸ್ನ್ಯಾಪ್ ಎಂಬ ಪರದೆಯಿಲ್ಲದ ಪುಟ್ಟ ಡಿಜಿಟಲ್ ಕ್ಯಾಮರಾ ನೂರು ಡಾಲರಿಗೂ ಕಡಿಮೆಗೆ ಸಿಗುತ್ತಿದೆ. ಆದರೆ ಅದರಲ್ಲಿ ಫೋಕಸ್ಸೂ ಇಲ್ಲ, ವೇಗವೂ ಇಲ್ಲ. 1888ರ ಪೆಟ್ಟಿಗೆಯ ಮರಿಮಗು ಅದು. ಪರದೆ ಹೋಗಿದೆ, ಆಯ್ಕೆ ಬಂದಿಲ್ಲ. ಈ ಎರಡರ ನಡುವೆ, ಕೆ1000 ಕೂತಿದ್ದ ಜಾಗ ಖಾಲಿಯೇ ಇದೆ.

ಕಲಿಯುವ ಹುಡುಗ ಹುಡುಗಿಯರು ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 1975ರಲ್ಲಿ ಪೆಂಟಾಕ್ಸ್ ತಂದ ಕೆ ಮೌಂಟಿನ ಹಳೆಯ ಲೆನ್ಸುಗಳು ಆ ಕಂಪೆನಿಯ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೂ ಕೂರುತ್ತವೆ. ಸೆಕೆಂಡ್‌ಹ್ಯಾಂಡ್ ಕ್ಯಾಮರಾ ಒಂದು, ಉಂಗುರವಿರುವ 50 ಮಿಲಿಮೀಟರಿನ ಲೆನ್ಸ್ ಒಂದು, ಪರದೆಗೆ ಅಂಟಿಸಲು ಅಂಗೈಯಗಲದ ಕಪ್ಪು ಟೇಪು. ಸಂಜೆ ಮನೆಗೆ ಬಂದಮೇಲೆ ಟೇಪು ತೆಗೆದು ನೋಡಬಹುದು.